ಮೊದಲು ನೋಟ್‌ಬುಕ್, ಆಮೇಲೆ ಲ್ಯಾಬ್

ಪ್ರಶ್ನೆ: ನಾನು ಬಿಸಿಎ ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ. ಪಿಯುಸಿವರೆಗೆ ಊರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ವಿಶ್ವೇಶ್ವರಪುರಂನಲ್ಲಿ, ಸಜ್ಜನ್ ರಾವ್ ಸರ್ಕಲ್ ಹತ್ತಿರದ ಪಿಜಿಯಲ್ಲಿದ್ದೇನೆ. ಕೊಟ್ಟ ದಿನಾಂಕ ಸರಿಯೋ ತಪ್ಪೋ ಹೇಳುವ ಪೈಥಾನ್ ಪ್ರೋಗ್ರಾಂ ಬರೆಯಬೇಕು. ಮೊದಲು ಪ್ಲಾನ್ ತೋರಿಸಿ, ಆಮೇಲೆ ಕೋಡ್ ಅನ್ನುತ್ತಾರೆ ಮೇಡಂ. ಲ್ಯಾಬಿನಲ್ಲಿ ಕೂತರೆ ಇಫ್ ಒಳಗೆ ಇಫ್ ಸೇರಿಕೊಂಡು ತಲೆ ಕೆಡುತ್ತದೆ. ಗೆಳತಿಯರು ಎರಡು ಸಾಲಿನಲ್ಲಿ ಕೋಡ್ ಮುಗಿಸಿ, ಪ್ಲಾನನ್ನು ಕೊನೆಗೆ ಬರೆದು ಅಂಟಿಸುತ್ತಾರೆ. ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಇದನ್ನು ಬಿಟ್ಟು ಬಿಎ ಸೇರಿಬಿಡಲೇ?
– ಹೆಸರು ಬೇಡ, ವಿಶ್ವೇಶ್ವರಪುರಂ

ಉತ್ತರ: ಕೋರ್ಸ್ ಬಿಡುವ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ನೀವು ಎರಡು ಕೆಲಸಗಳನ್ನು ಒಂದೇ ಹೊತ್ತಿಗೆ ಮಾಡಲು ಹೊರಟು ದಣಿದಿದ್ದೀರಿ. ದಿನಾಂಕದ ನಿಯಮವೇನು ಎಂದು ಯೋಚಿಸುವುದು ಒಂದು ಕೆಲಸ, ಅದನ್ನು ಪೈಥಾನ್‌ಗೆ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಲ್ಯಾಪ್‌ಟಾಪೂ ಬೇಡ, ಇಂಗ್ಲಿಷೂ ಬೇಡ.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಲಾಲ್‌ಬಾಗಿಗೆ ಹೋಗಿ. ಪಶ್ಚಿಮ ದ್ವಾರ ನಿಮಗೆ ನಡಿಗೆಯಷ್ಟೇ ದೂರ. ಕನ್ನಡದಲ್ಲೇ ಬರೆಯಿರಿ. ನಿಯಮಗಳು ಆಮೇಲೆ, ಮೊದಲ ಪುಟದಲ್ಲಿ ಬರೀ ಉದಾಹರಣೆಗಳು: ಎಡಕ್ಕೆ ದಿನಾಂಕ, ಬಲಕ್ಕೆ ಪ್ರೋಗ್ರಾಂ ಕೊಡಬೇಕಾದ ಉತ್ತರ. 31-04-2024 ತಪ್ಪು. 29-02-2024 ಸರಿ, 29-02-2023 ತಪ್ಪು. 29-02-2000 ಸರಿ, 29-02-1900 ತಪ್ಪು. 10-13-2024 ತಪ್ಪು, 10-00-2024 ತಪ್ಪು. ಏನೂ ಬರೆಯದೆ ಎಂಟರ್ ಒತ್ತಿದರೆ? ಅಂಕಿಯ ಜಾಗದಲ್ಲಿ ಅಕ್ಷರ ಬಂದರೆ? ಇವಕ್ಕೂ ಉತ್ತರ ಈಗಲೇ ತೀರ್ಮಾನವಾಗಲಿ.

1900 ನಿಮ್ಮನ್ನು ಗೊಂದಲಕ್ಕೆ ತಳ್ಳಿರಬಹುದು. ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ ಎಂದಷ್ಟೇ ಶಾಲೆಯಲ್ಲಿ ಕಲಿತು ಬಂದಿರುವವರು ಬಹಳ. ಸೌರ ವರ್ಷ ಸುಮಾರು 365.2422 ದಿನ. ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನ ಸೇರಿಸುತ್ತ ಹೋದರೆ ವರ್ಷಕ್ಕೆ ಸುಮಾರು 11 ನಿಮಿಷ ಹೆಚ್ಚಾಗುತ್ತದೆ. ಆ ನಿಮಿಷಗಳು ಶತಮಾನಗಳಲ್ಲಿ ದಿನಗಳಾಗಿ ಬೆಳೆದದ್ದರಿಂದಲೇ 1582ರಲ್ಲಿ ಪೋಪ್ 13ನೇ ಗ್ರೆಗರಿ ಕ್ಯಾಲೆಂಡರನ್ನು ತಿದ್ದಿಸಿದರು: 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ. ಕಾರಣ ತಿಳಿದರೆ ಆ ಷರತ್ತುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇನ್ನು ತಿಂಗಳುಗಳು. ಮುಷ್ಟಿಯ ಗೆಣ್ಣುಗಳ ಮೇಲೆ ಎಣಿಸುವುದು ನಿಮಗೆ ಗೊತ್ತೇ ಇರುತ್ತದೆ: ಗೆಣ್ಣಿಗೆ 31, ತಗ್ಗಿಗೆ 30, ಫೆಬ್ರುವರಿ ಮಾತ್ರ ಬೇರೆ. ಅದನ್ನೇ ಹನ್ನೆರಡು ಅಂಕಿಗಳ ಲಿಸ್ಟ್ ಮಾಡಿದರೆ ನಿಮ್ಮ ಇಫ್‌ಗಳಲ್ಲಿ ಬಹುಪಾಲು ತಾವಾಗಿಯೇ ಬಿದ್ದುಹೋಗುತ್ತವೆ. ಆದರೆ ಇಲ್ಲಿ ಒಂದು ಅಪಾಯವಿದೆ. ಲಿಸ್ಟಿನ ಎಣಿಕೆ ಸೊನ್ನೆಯಿಂದ ಶುರುವಾಗುವ ಕಾರಣ ತಿಂಗಳಿನಿಂದ ಒಂದನ್ನು ಕಳೆದು ನೋಡುತ್ತೇವೆ. ಯಾರಾದರೂ ತಿಂಗಳು 0 ಎಂದು ಕೊಟ್ಟರೆ ಅದು -1 ಆಗುತ್ತದೆ. ಪೈಥಾನ್‌ನಲ್ಲಿ -1 ಎಂದರೆ ಲಿಸ್ಟಿನ ಕೊನೆಯ ಅಂಕಿ, ಅಂದರೆ ಡಿಸೆಂಬರಿನ 31. ಪ್ರೋಗ್ರಾಂ ಎಲ್ಲೂ ನಿಲ್ಲದೆ 10-00-2024 ಸರಿ ಎಂದುಬಿಡುತ್ತದೆ. 13 ಕೊಟ್ಟಾಗ ಎರರ್ ತೋರಿಸಿ ನಿಲ್ಲುವುದೇ ಇದಕ್ಕಿಂತ ವಾಸಿ. ಆದ್ದರಿಂದ ತಿಂಗಳು 1ರಿಂದ 12ರೊಳಗಿದೆಯೇ ಎಂದು ಮೊದಲು ನೋಡಿ, ದಿನವನ್ನು ಆಮೇಲೆ ನೋಡಿ. ಮೇಡಂ ಪ್ಲಾನ್ ಕೇಳುವುದು ಇಂಥದ್ದಕ್ಕೇ. ಕೋಡ್ ಮುಗಿಸಿ ಅಂಟಿಸಿದ ಪ್ಲಾನಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಗೆಳತಿಯರ ಎರಡು ಸಾಲನ್ನು ನಾನು ತಪ್ಪೆನ್ನುವುದಿಲ್ಲ. ಪೈಥಾನ್ ಜೊತೆಗೇ ಬರುವ ಡೇಟ್‌ಟೈಮ್ ಮಾಡ್ಯೂಲ್, ಇಲ್ಲದ ದಿನಾಂಕ ಕೊಟ್ಟರೆ ವ್ಯಾಲ್ಯೂಎರರ್ ಎನ್ನುತ್ತದೆ. ನಾಳೆ ಕೆಲಸಕ್ಕೆ ಸೇರಿದಾಗ ನೀವೂ ಅದನ್ನೇ ಬಳಸಬೇಕು. ಆದರೆ ಅದಕ್ಕೂ ಅದರದೇ ನಿಯಮಗಳಿವೆ. ವರ್ಷವನ್ನು ಎರಡು ಅಂಕಿಯಲ್ಲಿ ಓದು ಎಂದರೆ, 69ರಿಂದ 99ರವರೆಗಿನದನ್ನು 1969–1999 ಎಂದೂ 00ರಿಂದ 68ರವರೆಗಿನದನ್ನು 2000–2068 ಎಂದೂ ತಿಳಿಯುತ್ತದೆ. 15-08-47 ಕೊಟ್ಟು ನೋಡಿ, ಸ್ವಾತಂತ್ರ್ಯ ಬಂದ ದಿನ 2047ಕ್ಕೆ ಹೋಗಿ ಕೂರುತ್ತದೆ. ವರ್ಷಕ್ಕೆ ನಾಲ್ಕಂಕಿ ಕಡ್ಡಾಯ ಎಂದು ನಿಮ್ಮ ಪ್ಲಾನಿನಲ್ಲಿರಲಿ. ದಿನ ಮೊದಲೋ ತಿಂಗಳು ಮೊದಲೋ ಎಂಬುದೂ ಇರಲಿ: 05-03-2024 ನಮಗೆ ಮಾರ್ಚ್ 5, ಅಮೆರಿಕದಲ್ಲಿರುವವರಿಗೆ ಮೇ 3.

ನಿಮ್ಮ ಕೋಡ್ ಮುಗಿದ ಮೇಲೆ ಅದೇ ಡೇಟ್‌ಟೈಮನ್ನು ಪರೀಕ್ಷಕನ ಜಾಗದಲ್ಲಿ ಕೂರಿಸಿ. ದಿನ 0ರಿಂದ 32, ತಿಂಗಳು 0ರಿಂದ 13, ವರ್ಷ 1890ರಿಂದ 2110. ಮೂರು ಫಾರ್ ಲೂಪ್ ಹಾಕಿದರೆ 1,02,102 ದಿನಾಂಕಗಳು. ನಿಮ್ಮ ಉತ್ತರಕ್ಕೂ ಅದರ ಉತ್ತರಕ್ಕೂ ತಾಳೆಯಾಗದ್ದನ್ನು ಮಾತ್ರ ಪ್ರಿಂಟ್ ಮಾಡಿಸಿ. ತಪ್ಪು ಎಲ್ಲಿದೆಯೆಂದು ಆ ಪಟ್ಟಿಯೇ ತೋರಿಸುತ್ತದೆ.

ಮೇಡಂ ಕೇಳದಿದ್ದರೂ ಇನ್ನೊಂದು ವಿಷಯವನ್ನು ಪ್ಲಾನಿನಲ್ಲಿ ಸೇರಿಸಿ. ನೀವಿರುವ ಬಡಾವಣೆ ಯಾರ ಹೆಸರಿನದೋ ಆ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ. ವರ್ಷ ಮಾತ್ರ ಕೆಲವು ಕಡೆ 1860 ಎಂದಿದೆ, ಕೆಲವು ಕಡೆ 1861. ನಿಮ್ಮ ಪ್ರೋಗ್ರಾಂ ಎರಡಕ್ಕೂ ಸರಿ ಎನ್ನುತ್ತದೆ, ಎನ್ನಲೇಬೇಕು. ಅಂಥದ್ದೊಂದು ದಿನ ಕ್ಯಾಲೆಂಡರಿನಲ್ಲಿ ಇತ್ತೇ ಎಂದಷ್ಟೇ ಅದು ಹೇಳಬಲ್ಲದು. ಯಾವುದು ನಿಜ ಎನ್ನಲು ದಾಖಲೆ ಬೇಕು. ಶಾಲೆಗೆ ಸೇರುವಾಗ ಮೇಷ್ಟ್ರು ಅಂದಾಜಿಗೆ ಬರೆದ ದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂದು, ನಿವೃತ್ತಿಯವರೆಗೂ ಉಳಿದುಕೊಂಡ ಹಿರಿಯರು ನಿಮ್ಮೂರಲ್ಲೂ ಇದ್ದಾರು. ದಿನಾಂಕ ಸರಿ ಎಂಬ ಕಂಪ್ಯೂಟರಿನ ಮಾತನ್ನೇ ಸತ್ಯವೆಂದು ನಂಬುವವರು ದೊಡ್ಡ ಕಚೇರಿಗಳಲ್ಲೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕನ್ನಡ ಮಾಧ್ಯಮದ ಬಗ್ಗೆ ಕುಗ್ಗಬೇಡಿ. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ದಿನ, ತಿಂಗಳು, ವರ್ಷ ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ೧೫ ಎಂದು ಕನ್ನಡ ಅಂಕಿ ಕೊಟ್ಟರೂ ಇಂಟ್ ಫಂಕ್ಷನ್ ಅದನ್ನು 15 ಎಂದೇ ಓದುತ್ತದೆ. ಅರ್ಥವಾಗುವವರೆಗೆ ಹಾಗೇ ಬರೆದು, ಒಪ್ಪಿಸುವ ಮುಂಚೆ ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿ.

ಸೋಮವಾರ ಆ ನೋಟ್‌ಬುಕ್ ಸಮೇತ ಮೇಡಂ ಹತ್ತಿರ ಹೋಗಿ, ಲ್ಯಾಬ್ ಖಾಲಿಯಿರುವ ಹೊತ್ತಿನಲ್ಲಿ ಕೂರಲು ಅವಕಾಶ ಕೇಳಿ. ಇತಿಹಾಸವೋ ಸಾಹಿತ್ಯವೋ ಇಷ್ಟವೆಂದು ಬಿಎಗೆ ಹೋಗುವುದಾದರೆ ನನಗೆ ಸಂತೋಷವೇ. ಒಂದು ಅಸೈನ್‌ಮೆಂಟಿಗೆ ಹೆದರಿ ಹೋಗುವುದು ಬೇಡ. ಮನೆಯಲ್ಲಿ ಈ ಮಾತು ತೆಗೆಯುವ ಮುಂಚೆ ಮೊದಲ ಸೆಮಿಸ್ಟರಿನ ಫಲಿತಾಂಶವಾದರೂ ಬರಲಿ.