ಗೆದ್ದಲಿಗೆ ದಾರಿ ಕೊಡದ ಗೋಡೆ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ಮನೆಗಳಲ್ಲಿ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬೆಳಗಾಗುವಷ್ಟರಲ್ಲಿ ಜಗುಲಿಯ ಮೇಲೆ ಕಳಚಿಬಿದ್ದ ರೆಕ್ಕೆಗಳ ರಾಶಿ ಮಾತ್ರ ಉಳಿದಿರುತ್ತದೆ. ಅದನ್ನು ಗುಡಿಸಿ ಹೊರಗೆ ಚೆಲ್ಲಿದರೆ ಕೆಲಸ ಮುಗಿಯಿತೆಂದು ಮನೆಯವರು ಭಾವಿಸುತ್ತಾರೆ. ಆದರೆ ಆ ಹುಳುಗಳು ನೆಲದೊಳಗೆ ಹೊಸ ಸಂಸಾರ ಹೂಡಲು ಹೊರಟ ಗೆದ್ದಲಿನ ಭಾವೀ ರಾಜರಾಣಿಯರು. ಅವುಗಳಲ್ಲಿ ಹೆಚ್ಚಿನವು ಹಕ್ಕಿ, ಹಲ್ಲಿ, ಇರುವೆಗಳ ಬಾಯಿಗೆ ಬೀಳುತ್ತವೆ. ಬದುಕಿ ಉಳಿದ ಕೆಲವೇ ಜೋಡಿಗಳ ಸಂತತಿಯು ಮುಂದೆ ನಮ್ಮ ಬಾಗಿಲಿನ ದಾರಂದವನ್ನೂ ಪುಸ್ತಕದ ಕಪಾಟನ್ನೂ ಹುಡುಕಿಕೊಂಡು ಬರುತ್ತದೆ.

ಈಚಿನ ವರ್ಷಗಳಲ್ಲಿ ಹಂಚು ಮತ್ತು ಕೆಂಪುಕಲ್ಲಿನ ಜೊತೆಗೆ ಹೊಸದೊಂದು ಸಾಮಗ್ರಿ ಕಟ್ಟಡಗಳಿಗೆ ಬಂದಿದೆ. ಎರಡು ತೆಳುವಾದ ಉಕ್ಕಿನ ತಗಡುಗಳ ನಡುವೆ ಶಾಖವನ್ನು ತಡೆಯುವ ನೊರೆಯಂತಹ ತಿರುಳನ್ನು ತುಂಬಿ ಮಾಡಿದ ಹಲಗೆ ಅದು. ಶೈತ್ಯಾಗಾರ, ಕಾರ್ಖಾನೆ, ಗೋದಾಮುಗಳಿಗೆ ಇದು ಅನುಕೂಲವಾದುದು. “ಉಕ್ಕನ್ನು ಗೆದ್ದಲು ತಿನ್ನುವುದುಂಟೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದು. ಅದರ ಉತ್ತರವನ್ನು ನಾವು ಹಂತಹಂತವಾಗಿ ಪರಿಶೀಲಿಸೋಣ.

ಗೆದ್ದಲಿನ ಸ್ವಭಾವ

ಒರಲೆಯೆಂದೂ ಕರೆಯಲ್ಪಡುವ ಗೆದ್ದಲನ್ನು ಇಂಗ್ಲಿಷಿನಲ್ಲಿ ‘ಬಿಳಿ ಇರುವೆ’ ಎಂದು ಹೇಳುವುದುಂಟಾದರೂ ಅದು ಇರುವೆಯ ಕುಲಕ್ಕೆ ಸೇರಿದುದಲ್ಲ; ಜಿರಲೆಯ ಹತ್ತಿರದ ಸಂಬಂಧಿ. ಅದರ ಆಹಾರ ಮರ, ಕಾಗದ, ಒಣ ಎಲೆಗಳಲ್ಲಿರುವ ಸೆಲ್ಯುಲೋಸ್. ನಮ್ಮ ಕಡೆ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಜಾತಿಯ ಗೆದ್ದಲುಗಳು ತಾವು ತಂದ ಸೊಪ್ಪುಸದೆಯ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ, ಅದರ ನೆರವಿನಿಂದ ಈ ಆಹಾರವನ್ನು ಜೀರ್ಣಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಅಣಬೆಗಳು ಏಳುವುದು ಈ ಕೃಷಿಯ ಫಲವೇ.

ಕೆಲಸಗಾರ ಗೆದ್ದಲಿಗೆ ಕಣ್ಣಿಲ್ಲ. ಚರ್ಮ ಬಹಳ ತೆಳು. ಒಣಗಾಳಿಗೆ ಸಿಕ್ಕಿದರೆ ಮೈಯ ತೇವ ಆರಿ ಅದು ಸಾಯುತ್ತದೆ. ಆದುದರಿಂದಲೇ ಅದು ಗೋಡೆಯ ಮೇಲೆ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಅದರೊಳಗೇ ನಡೆಯುತ್ತದೆ. ತಿನ್ನಲಾರದ ವಸ್ತುವಿನ ಮೇಲೂ ಗೆದ್ದಲು ದಾರಿ ಮಾಡಬಲ್ಲದೆಂಬ ಮಾತನ್ನು ವಾಚಕರು ಇಲ್ಲಿಯೇ ಗಮನದಲ್ಲಿಟ್ಟುಕೊಳ್ಳಬೇಕು. ಗೋಡೆಯು ಅದಕ್ಕೆ ಊಟವಾಗಬೇಕೆಂದಿಲ್ಲ, ಊಟದ ಕಡೆಗೆ ಹೋಗುವ ಹಾದಿಯಾದರೆ ಸಾಕು.

ಹಿರಿಯರ ಉಪಾಯ

ನಮ್ಮ ಮನೆಗಳ ಕೆಂಪುಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಅದನ್ನು ಕಂಡ ಆತ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಹೆಸರನ್ನು ಬಳಸಿದನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದ ಇದರ ಮೂಲ. ಈ ಕಲ್ಲಿನ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ಇಂತಹ ಕಲ್ಲನ್ನು ಮಣ್ಣಿನಿಂದ ಕಟ್ಟಿದರೆ ಗೆದ್ದಲಿಗೆ ಗೋಡೆಯೊಳಗೇ ಗುಪ್ತಮಾರ್ಗ ದೊರೆಯುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಈ ದೃಷ್ಟಿಯಿಂದ ನೋಡಬೇಕು. 1430ರಲ್ಲಿ ನಿರ್ಮಾಣವಾದ ಈ ಬಸದಿಯ ಕೆಳಗಿನ ಅಂತಸ್ತು ಕಲ್ಲಿನದು. ಮರದ ಕೆಲಸವೆಲ್ಲ ಮೇಲಿನ ಅಂತಸ್ತುಗಳಲ್ಲಿದೆ. ಮರವು ನೆಲಕ್ಕೆ ತಾಗುವುದಿಲ್ಲ. ಇಳಿಜಾರಿನ ಮಾಡುಗಳು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ದೂರಕ್ಕೆ ಚೆಲ್ಲುತ್ತವೆ. ನೆಲದಿಂದ ಎತ್ತರ, ತೇವದಿಂದ ದೂರ: ಮರವನ್ನು ರಕ್ಷಿಸುವ ಮೂಲತತ್ತ್ವ ಇವೆರಡೇ. ಸಾಗುವಾನಿಯಂತಹ ಮರಕ್ಕೆ ತನ್ನದೇ ಆದ ರಕ್ಷಣೆಯೂ ಉಂಟು. ಅದರ ಕೆಚ್ಚಿನಲ್ಲಿರುವ ಟೆಕ್ಟೊಕ್ವಿನೋನ್ ಎಂಬ ದ್ರವ್ಯ ಗೆದ್ದಲಿಗೆ ಹಿಡಿಸದು.

ಲೋಹದ ಹಲಗೆಯ ಬಲ ಮತ್ತು ದೌರ್ಬಲ್ಯ

ಹೊಸ ಹಲಗೆಯ ಹೊರತಗಡು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ದಪ್ಪದ, ಸತುವಿನ ಲೇಪವುಳ್ಳ ಉಕ್ಕು. ಯಾವ ಗೆದ್ದಲಿನ ದವಡೆಯೂ ಅದನ್ನು ಕೊರೆಯಲಾರದು. ಒಳಗಿನ ತಿರುಳು ಪಾಲಿಯುರೆಥೇನ್, ತರ್ಮೋಕೋಲ್ ಅಥವಾ ಕಲ್ಲಿನ ನೂಲಿನ ಹತ್ತಿ. ಇವುಗಳಲ್ಲಿ ಸೆಲ್ಯುಲೋಸ್ ಇಲ್ಲವಾದುದರಿಂದ ಕೀಟಕ್ಕೆ ಆಹಾರವೂ ಇಲ್ಲ. ಇಷ್ಟರ ಮಟ್ಟಿಗೆ ಹಲಗೆಯನ್ನು ಹೊಗಳುವವರ ಮಾತು ಸತ್ಯ.

ಆದರೆ ನೊರೆಯ ತಿರುಳು ಮೃದುವಾದುದು. ತಿನ್ನದಿದ್ದರೂ ಗೆದ್ದಲು ಅದನ್ನು ಕಡಿದು ಸುರಂಗ ಮಾಡಬಲ್ಲದು. ಇರುವೆಗಳೂ ಅದರಲ್ಲಿ ಗೂಡು ಮಾಡಿ ಮೊಟ್ಟೆಮರಿಗಳನ್ನು ಇಡುತ್ತವೆ. ಚಳಿಬಿಸಿಲುಗಳ ಏರಿಳಿತವಿಲ್ಲದ ಬೆಚ್ಚನೆಯ ಜಾಗ ಅವಕ್ಕೆ ಬೇರೆಲ್ಲಿ ದೊರೆತೀತು? ಹಲಗೆಯ ಕತ್ತರಿಸಿದ ಅಂಚು ತೆರೆದಿದ್ದರೆ, ತಂತಿ ಮತ್ತು ನೀರಿನ ಕೊಳವೆಗಳಿಗೆ ಕೊರೆದ ತೂತು ಮುಚ್ಚದಿದ್ದರೆ, ಬಾಗಿಲು ತೆರೆದಿಟ್ಟಂತೆಯೇ ಸರಿ. ಬಯಲು ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಕೊಳವೆ ಕಣ್ಣಿಗೆ ಬೀಳುತ್ತದೆ. ತಗಡುಗಳ ನಡುವೆ ಸಾಗಿದ ಸುರಂಗ ಕಾಣುವುದಿಲ್ಲ. ಕೆಂಪುಕಲ್ಲಿನ ರಂಧ್ರಗಳಲ್ಲಿದ್ದ ಹಳೆಯ ತೊಂದರೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

ಏನನ್ನೂ ಕೊರೆಯದೆ ಬರಿಯ ಆಶ್ರಯಕ್ಕಾಗಿ ಬರುವ ಕೀಟಗಳೂ ಉಂಟು. ಕೇರಳದ ರಬ್ಬರು ತೋಟಗಳ ಬಳಿ ‘ಮುಪ್ಲಿ’ ಎಂಬ ಕರಿಯ ದುಂಬಿಗಳು ಬೇಸಿಗೆಯ ಕೊನೆಯ ಮಳೆಯೊಡನೆ ಸಹಸ್ರಗಟ್ಟಲೆಯಾಗಿ ಮನೆಗಳಿಗೆ ನುಗ್ಗಿ ಮಾಡಿನ ಸಂದುಗಳಲ್ಲಿ ತಿಂಗಳುಗಟ್ಟಲೆ ಅಡಗಿರುತ್ತವೆ. ಬೆಳ್ತಂಗಡಿಯಲ್ಲಿಯೂ ರಬ್ಬರು ಬೆಳೆಯುವುದರಿಂದ ಸಂದುಗಳ ವಿಷಯದಲ್ಲಿ ಎಚ್ಚರ ಅಗತ್ಯ.

ಸಂದಿನ ಲೆಕ್ಕ

ಹಾಗಾದರೆ ಸಂದು ಎಷ್ಟು ಕಿರಿದಾಗಿರಬೇಕು? 1957ರಲ್ಲಿ ಕ್ಯಾಲಿಫೋರ್ನಿಯದ ಎಬೆಲಿಂಗ್ ಮತ್ತು ಪೆನ್ಸ್ ಎಂಬ ವಿಜ್ಞಾನಿಗಳು ಮರಳಿನ ಪದರಗಳಿಂದ ಗೆದ್ದಲನ್ನು ತಡೆಯುವ ಬಗೆಯನ್ನು ಪ್ರಕಟಿಸಿದರು. ಅದರ ತತ್ತ್ವ ಸರಳವಾದುದು. ಕಣವು ಗೆದ್ದಲು ಕಚ್ಚಿ ಒಯ್ಯಲಾರದಷ್ಟು ದೊಡ್ಡದಾಗಿರಬೇಕು. ಕಣಗಳ ನಡುವಿನ ಎಡೆ ಅದರ ತಲೆ ತೂರಲಾರದಷ್ಟು ಕಿರಿದಾಗಿರಬೇಕು. ಇದೇ ತತ್ತ್ವದ ಮೇಲೆ ಆಸ್ಟ್ರೇಲಿಯದಲ್ಲಿ ತುಕ್ಕು ಹಿಡಿಯದ ಉಕ್ಕಿನ ಬಲೆಯೊಂದು ಬಳಕೆಗೆ ಬಂದಿತು. ಅದರ ಕಣ್ಣಿನ ಅಳತೆ 0.66 ಮತ್ತು 0.45 ಮಿಲಿಮೀಟರ್. ಜಾತಿಯಿಂದ ಜಾತಿಗೆ ಗೆದ್ದಲಿನ ತಲೆಯ ಗಾತ್ರ ಬೇರೆಯಾಗುವುದರಿಂದ ಆಯಾ ಊರಿನ ಗೆದ್ದಲನ್ನು ಅಳೆದೇ ಅಳತೆಯನ್ನು ನಿಶ್ಚಯಿಸಬೇಕು.

ಆದುದರಿಂದ ಲೋಹದ ಹಲಗೆಯ ಕಟ್ಟಡಕ್ಕೆ ಬೇಕಾದುದು ಇಷ್ಟು: ನೆಲಕ್ಕಿಂತ ಎತ್ತರವಾದ ಕಾಂಕ್ರೀಟಿನ ಪಂಚಾಂಗ, ಹಲಗೆಯ ಕೆಳ ಅಂಚಿಗೆ ಲೋಹದ ಮುಚ್ಚಳ, ಸಂದುಗಳಿಗೆ ಬಿಗಿಯಾದ ಮುದ್ರೆ, ತೂತುಗಳಿಗೆ ಗಾರೆ ಅಥವಾ ಬಲೆ. ಇವುಗಳ ಜೊತೆಗೆ, ಪಂಚಾಂಗದ ಸುತ್ತ ಒಂದು ಗೇಣಿನಷ್ಟು ಭಾಗ ಮಣ್ಣು, ಸೌದೆ, ತೆಂಗಿನ ಸಿಪ್ಪೆಗಳಿಲ್ಲದೆ ಸದಾ ಕಣ್ಣಿಗೆ ಕಾಣುವಂತಿರಬೇಕು.

ವಿಷವೊಂದೇ ದಾರಿಯೆ?

ಮಣ್ಣಿಗೆ ವಿಷ ಹಾಕಿದರೆ ಇಷ್ಟೆಲ್ಲ ಶ್ರಮವೇಕೆಂದು ಯಾರಾದರೂ ಕೇಳಬಹುದು. ಹಿಂದೆ ಗೆದ್ದಲಿಗೆ ಬಳಸುತ್ತಿದ್ದ ಆಲ್ಡ್ರಿನ್, ಹೆಪ್ಟಾಕ್ಲೋರ್, ಕ್ಲೋರ್ಡೇನ್‌ಗಳು ಮಣ್ಣಿನಲ್ಲಿ ಬಹುಕಾಲ ಉಳಿಯುವವಾದುದರಿಂದ 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ನಮ್ಮ ಕಡೆ ಕೆಂಪುಕಲ್ಲಿನ ನೆಲ ನೀರನ್ನು ಸುಲಭವಾಗಿ ಇಳಿಯಗೊಡುತ್ತದೆ. ಕುಡಿಯುವ ನೀರಿನ ಬಾವಿಯೂ ಅಂಗಳದ ಮಗ್ಗುಲಲ್ಲೇ ಇರುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಗೇರುತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಗೆದ್ದಲಿಗಾಗಿ ಹಾಕಿದುದಲ್ಲ, ಗೇರಿನ ಚಿಗುರಿಗೆ ಬೀಳುವ ಕೀಟಕ್ಕಾಗಿ. ಆದರೆ ಅದರ ನೋವನ್ನು ಉಂಡವರು ಮನುಷ್ಯರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಕಟ್ಟುವಾಗಲೇ ದಾರಿಯನ್ನು ಮುಚ್ಚುವ ಉಪಾಯವಿರುವಲ್ಲಿ ವಿಷವನ್ನು ಕೊನೆಯ ಆಯ್ಕೆಯಾಗಿಡುವುದೇ ವಿವೇಕ.

ನೀವೇ ಪರೀಕ್ಷಿಸಿ

ಮಳೆಯಿಲ್ಲದ ತಿಂಗಳಲ್ಲಿ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಬಹುದು. ಹಳೆಯ ಅಡಿಕೆ ಹಾಳೆಯ ನಾಲ್ಕು ಸಮನಾದ ತುಂಡುಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಹಾಗೆಯೇ ಬಿಡಿರಿ. ಎರಡನೆಯದನ್ನು ಎರಡು ತರ್ಮೋಕೋಲ್ ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿರಿ. ಮೂರನೆಯದನ್ನು ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿಡಿರಿ. ನಾಲ್ಕನೆಯದನ್ನು ಅಂತಹುದೇ ಡಬ್ಬಿಯಲ್ಲಿಟ್ಟು, ಡಬ್ಬಿಯ ತಳದಲ್ಲಿ ಮೊಳೆಯಿಂದ ಒಂದೇ ಒಂದು ತೂತು ಮಾಡಿರಿ. ಗೆದ್ದಲು ಓಡಾಡುವ ತೋಟದ ನೆಲದ ಮೇಲೆ ಇವನ್ನು ಸಾಲಾಗಿಟ್ಟು ಒಣ ಎಲೆಗಳನ್ನು ಮುಚ್ಚಿ, ತಿಂಗಳ ಬಳಿಕ ತೆರೆದು ನೋಡಿ ಬರೆದಿಟ್ಟುಕೊಳ್ಳಿರಿ. ಹುತ್ತಕ್ಕೆ ಮಾತ್ರ ಕೈ ಹಾಕಬಾರದು, ಅದರಲ್ಲಿ ಹಾವಿರಬಹುದು.

ಮೂರನೆಯ ಮತ್ತು ನಾಲ್ಕನೆಯ ಡಬ್ಬಿಗಳ ತಗಡು ಒಂದೇ. ವ್ಯತ್ಯಾಸ ಒಂದು ತೂತಿನದು. ಅವೆರಡರೊಳಗಿನ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಕಟ್ಟಡವನ್ನು ಕಾಯುವುದು ತಗಡೋ ಅಥವಾ ಸಂದು ಮುಚ್ಚಿದ ಕೈಯೋ ಎಂಬುದನ್ನು ನೀವೇ ತೀರ್ಮಾನಿಸಬಲ್ಲಿರಿ.