ಫೋನ್ ತಿರುಗಿದಾಗ ಅಂಕ ಅಳಿದದ್ದೇಕೆ? ಸಹಪಾಠಿಗಳಿಗೆ ನೀಡಿದ ಒಂದು ಪಾಠ

ಸಂದರ್ಭ

ಬೋಧನಾಭ್ಯಾಸದ ಅವಧಿಯಲ್ಲಿ ನಾಗಮಂಗಲ ತಾಲ್ಲೂಕಿನ ಪ್ರೌಢಶಾಲೆಯೊಂದರ 9ನೇ ತರಗತಿಗೆ ವಿಜ್ಞಾನ ರಸಪ್ರಶ್ನೆ ನಡೆಸಿದೆ. ಕಾವೇರಿ, ಹೇಮಾವತಿ, ಲೋಕಪಾವನಿ, ವೀರವೈಷ್ಣವಿ ಎಂಬ ನಾಲ್ಕು ತಂಡಗಳು. ಅಂಕ ಎಣಿಸಲು ನಾನೇ ತಯಾರಿಸಿದ ಆಂಡ್ರಾಯ್ಡ್ ಆ್ಯಪ್. ಹಿಂದಿನ ಬೆಂಚಿನವರಿಗೂ ಕಾಣಲೆಂದು ಹುಡುಗನೊಬ್ಬ ಫೋನನ್ನು ಅಡ್ಡ ಹಿಡಿದ. ಟೈಪ್ ಮಾಡಿದ್ದ ತಂಡದ ಹೆಸರುಗಳು ಹಾಗೇ ಇದ್ದವು. ಅಂಕ ಮಾತ್ರ ನಾಲ್ಕೂ ಕಡೆ ಸೊನ್ನೆ.

"ಏನು ಒತ್ತಿದೆ?" ಎಂದು ಗದರಿದೆ.

"ಏನೂ ಒತ್ತಿಲ್ಲ ಮಿಸ್" ಎಂದು ತಲೆ ತಗ್ಗಿಸಿದ.

ಅವನು ಹೇಳಿದ್ದು ನಿಜ. ಅದು ನನಗೆ ತಿಳಿದದ್ದು ಆ ರಾತ್ರಿ. ಮರುದಿನ ತರಗತಿಯಲ್ಲೇ ಅವನ ಕ್ಷಮೆ ಕೇಳಿದೆ. ಅದೇ ವಿಷಯವನ್ನು ನಂತರ ಕಾಲೇಜಿನಲ್ಲಿ ಸಹಪಾಠಿಗಳಿಗೆ ಪಾಠ ಮಾಡಿದೆ.

ಪರಿಕಲ್ಪನೆ

ಅಡ್ಡ ಪರದೆಗೆ ಬೇರೆ ವಿನ್ಯಾಸ ಬೇಕಾಗಬಹುದು. ಆದ್ದರಿಂದ ಫೋನ್ ತಿರುಗಿದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಹಳೆಯ ಪರದೆಯನ್ನು, ಅಂದರೆ 'ಆಕ್ಟಿವಿಟಿ'ಯನ್ನು, ನಾಶಮಾಡಿ ಹೊಸದನ್ನು ಕಟ್ಟುತ್ತದೆ. ಗುರುತು ಸಂಖ್ಯೆ (ಐಡಿ) ಇರುವ ಟೈಪಿಂಗ್ ಪೆಟ್ಟಿಗೆ ತನ್ನ ಅಕ್ಷರಗಳನ್ನು ತಾನೇ ಉಳಿಸಿಕೊಳ್ಳುತ್ತದೆ. ನಾವು ಆಕ್ಟಿವಿಟಿಯೊಳಗೆ ಇಟ್ಟ ಎಣಿಕೆ ಅದರೊಂದಿಗೇ ಹೋಗುತ್ತದೆ. ಹೆಸರು ಉಳಿದು ಅಂಕ ಅಳಿದದ್ದು ಇದರಿಂದಲೇ.

ಚಟುವಟಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಬರುವ ಪ್ರಶಿಕ್ಷಣಾರ್ಥಿಗಳನ್ನು ತಾಲ್ಲೂಕುವಾರು ನಾಲ್ಕು ಗುಂಪು ಮಾಡಿದೆ. ಪ್ರತಿ ಗುಂಪಿನ ಒಬ್ಬರು 'ಪರದೆ'ಯಾಗಿ ಕಪ್ಪುಹಲಗೆಯಲ್ಲಿ 6, 4, 7, 4 ಎಂಬ ಅಂಕಗಳು, ಮೊತ್ತ ಮತ್ತು ಮೊದಲ ಸ್ಥಾನ ಬರೆದರು. "ಫೋನ್ ತಿರುಗಿತು" ಎಂದೊಡನೆ ಹಲಗೆ ಒರೆಸಿ, ಒಂದು ಚೀಟಿ ಕೊಟ್ಟು ಹೊರಹೋಗಬೇಕು. ಹೊರಗೆ ಕಾಯುತ್ತಿದ್ದ ಹೊಸ 'ಪರದೆ' ಚೀಟಿ ನೋಡಿಯೇ ಎಲ್ಲವನ್ನೂ ಮತ್ತೆ ಬರೆಯಬೇಕು.

ಮೂರು ಗುಂಪುಗಳು ಎಲ್ಲವನ್ನೂ ಚೀಟಿಗೆ ತುಂಬಿದವು. ಅವುಗಳಲ್ಲೊಂದರಲ್ಲಿ ಅವಸರದಿಂದ ಮೊತ್ತ 22 ಎಂದಾಗಿತ್ತು. ಯಾವುದನ್ನು ನಂಬುವುದು, ಅಂಕಗಳನ್ನೋ ಮೊತ್ತವನ್ನೋ? ನಾಲ್ಕನೇ ಗುಂಪು ಬರೆದದ್ದು ನಾಲ್ಕೇ ಸಂಖ್ಯೆ. "ಉಳಿದದ್ದನ್ನು ಕೂಡಿಕೊಂಡರಾಯಿತಲ್ಲ" ಎಂದರು. ನಾನು ಹೇಳಬೇಕೆಂದಿದ್ದ ಸೂತ್ರ ಅವರ ಬಾಯಿಂದಲೇ ಬಂತು: ಮೂಲವನ್ನು ಉಳಿಸಿ, ಲೆಕ್ಕದಿಂದ ಬರುವುದನ್ನು ಮತ್ತೆ ಲೆಕ್ಕಮಾಡಿ.

ಅನ್ವಯ

ಆ ಚೀಟಿಯೇ 'ಬಂಡಲ್'. 'ಆನ್‌ಸೇವ್‌ಇನ್‌ಸ್ಟೆನ್ಸ್‌ಸ್ಟೇಟ್' ಎಂಬಲ್ಲಿ ಅದಕ್ಕೆ ಬರೆಯುತ್ತೇವೆ. ಹೊಸ ಆಕ್ಟಿವಿಟಿಯ 'ಆನ್‌ಕ್ರಿಯೇಟ್'ನಲ್ಲಿ ಓದುತ್ತೇವೆ. 'ವ್ಯೂಮಾಡೆಲ್' ಎಂಬ ಇನ್ನೊಂದು ದಾರಿಯೂ ಇದೆ. ಅದು ಪರದೆ ತಿರುಗಿದರೂ ಉಳಿಯುತ್ತದೆ. ಆದರೆ ಮೆಮೊರಿ ಸಾಲದೆ ಹಿನ್ನೆಲೆಯಲ್ಲಿರುವ ಆ್ಯಪನ್ನು ಫೋನ್ ಮುಚ್ಚಿದರೆ ಉಳಿಯದು. ಬಂಡಲ್ ಆಗಲೂ ಉಳಿಯುತ್ತದೆ. ನಾಳೆಗೂ ಬೇಕಾದ ಅಂಕಗಳಿಗೆ ಎರಡೂ ಸಾಲವು. ಫೈಲ್ ಅಥವಾ ಡೇಟಾಬೇಸ್ ಬೇಕು.

"ಪರದೆ ತಿರುಗದಂತೆ ಬೀಗ ಹಾಕಿದರೆ ಸಾಲದೇ?" ಎಂದು ಗೆಳತಿಯೊಬ್ಬಳು ಕೇಳಿದಳು. ಸಾಲದು. ಫೋನಿನ ಭಾಷೆ ಬದಲಿಸಿದಾಗಲೂ ಡಾರ್ಕ್ ಮೋಡ್ ಹಾಕಿದಾಗಲೂ ಆಕ್ಟಿವಿಟಿ ಹೀಗೆಯೇ ಮರುಹುಟ್ಟು ಪಡೆಯುತ್ತದೆ.

ಮೌಲ್ಯಮಾಪನ

ಪ್ರತಿ ಗುಂಪಿಗೂ ಒಂದೇ ಪ್ರಶ್ನೆ: ಹಾಜರಾತಿ ಆ್ಯಪೊಂದರಲ್ಲಿ ಗೈರುಹಾಜರಾದವರ ಕ್ರಮಸಂಖ್ಯೆಗಳು, ಹಾಜರಾದವರ ಎಣಿಕೆ, ಶೇಕಡಾವಾರು ಕಾಣುತ್ತವೆ; ಚೀಟಿಗೆ ಯಾವುದು ಹೋಗಬೇಕು? ತರಗತಿಯ ಒಟ್ಟು ಸಂಖ್ಯೆ ಆ್ಯಪ್‌ನಲ್ಲೇ ಇದೆ ಎಂದುಕೊಳ್ಳಿ. ಎಲ್ಲರೂ ಮೊದಲನೆಯದನ್ನಷ್ಟೇ ಆರಿಸಿದರು.

ನನ್ನ ಅವಲೋಕನ

ಆ್ಯಪನ್ನು ತರಗತಿಗೆ ಒಯ್ಯುವ ಮುನ್ನ ಫೋನನ್ನು ಒಮ್ಮೆ ಅಡ್ಡ ತಿರುಗಿಸಿ ನೋಡಿ. ಡೆವಲಪರ್ ಆಯ್ಕೆಗಳಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' ಆನ್ ಮಾಡಿ, ಹೊರಹೋಗಿ ಮರಳಿ ಬಂದೂ ನೋಡಿ. ಇದಕ್ಕೆ ಎರಡು ನಿಮಿಷ ಸಾಕು. ನಾನು ಆ ಎರಡು ನಿಮಿಷ ಉಳಿಸಿಕೊಂಡೆ. ಅದರ ಬೆಲೆ ತೆತ್ತವನು ತಪ್ಪಿಲ್ಲದ ಹುಡುಗ. ಉಪಕರಣ ಕೈಕೊಟ್ಟಾಗ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕು ಎಂಬುದನ್ನು ನನ್ನ ಪಾಠಯೋಜನೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.