ಒಂದೇ ಹೆಸರಿಗೆ ಎರಡು ವಿಳಾಸ

ಟೊಮೆಟೊ ಮಂಡಿಯ ಲೆಕ್ಕದ ಸರ್ವರ್ ಮೊಬೈಲ್ ಡೇಟಾದಲ್ಲಿ ಸರಾಗ, ಕಚೇರಿಯ ವೈಫೈನಲ್ಲಿ ಮಾತ್ರ ಆಗಾಗ ಕೈಕೊಡುತ್ತದೆ ಎಂದು ಹುತ್ತೂರಿನಿಂದ ಬರೆದಿದ್ದೀರಿ. ಸರ್ವರ್ ಕೆಟ್ಟಿಲ್ಲ, ಬಿಡಿ. ಎನ್‌ಎಸ್‌ಲುಕ್‌ಅಪ್ ಕಮಾಂಡಿನಲ್ಲಿ ಅದೇ ಹೆಸರನ್ನು ಮೊದಲು ಕಚೇರಿಯ ಡಿಎನ್‌ಎಸ್‌ಗೆ, ಆಮೇಲೆ 8.8.8.8 ಎಂಬ ಹೊರಗಿನ ಡಿಎನ್‌ಎಸ್‌ಗೆ ಕೇಳಿ. ಮೊದಲನೆಯದು 192.168ರಿಂದ ಶುರುವಾಗುವ ಒಳಗಿನ ವಿಳಾಸವನ್ನೂ ಎರಡನೆಯದು ಹೊರಗಿನ ವಿಳಾಸವನ್ನೂ ಕೊಟ್ಟರೆ ಎರಡೂ ಸರಿಯೇ.

ತೊಂದರೆ ಆಗುವುದು ಒಳಗಿನ ಕಂಪ್ಯೂಟರಿಗೆ ಹೊರಗಿನ ಉತ್ತರ ಸಿಕ್ಕಾಗ. ಒಳಗಿನಿಂದ ಆ ಹೊರಗಿನ ವಿಳಾಸಕ್ಕೆ ಹೊರಟ ಸಂಪರ್ಕವನ್ನು ಎಷ್ಟೋ ರೌಟರ್‌ಗಳು ಮತ್ತೆ ಒಳಕ್ಕೆ ತಿರುಗಿಸುವುದಿಲ್ಲ. ಡಿಎಚ್‌ಸಿಪಿಯಲ್ಲಿ ಎರಡನೇ ಡಿಎನ್‌ಎಸ್ ಆಗಿ ‘ಇರಲಿ ಅಂತ’ 8.8.8.8 ಹಾಕಿರುತ್ತಾರೆ, ನನ್ನ ಅನುಮಾನ ಅದರ ಮೇಲೆಯೇ. ಮೊದಲನೆಯದು ತಡಮಾಡಿದರೆ ಕಂಪ್ಯೂಟರು ಎರಡನೆಯದನ್ನು ಕೇಳಿಬಿಡುತ್ತದೆ. ಅದನ್ನು ತೆಗೆಯಿರಿ; ಹೊರಗಿನ ಹೆಸರುಗಳನ್ನು ಕಚೇರಿಯ ಡಿಎನ್‌ಎಸ್ಸೇ ಮುಂದಕ್ಕೆ ಕೇಳಿಕೊಳ್ಳಲಿ. ಆಂಡ್ರಾಯ್ಡ್ ಫೋನಿನ ಪ್ರೈವೇಟ್ ಡಿಎನ್‌ಎಸ್ ಕೂಡ ನೋಡಿ, ಅದೂ ಕಚೇರಿಯದನ್ನು ಬಿಟ್ಟು ಹೊರಗೆ ಕೇಳುತ್ತಿರಬಹುದು. ಆಮೇಲೆ ಡಿಎನ್‌ಎಸ್ ಕ್ಯಾಶ್ ಅಳಿಸಿ. ಇಲ್ಲದಿದ್ದರೆ ಹಳೆಯ ಉತ್ತರವೇ ಸ್ವಲ್ಪ ಹೊತ್ತು ಬರುತ್ತಿರುತ್ತದೆ.